ಬಚ್ಚಲಿಗೆ ಪರ್ಮಿಷನ್ನಾ ಸಾರ್?

ಅಮ್ಮನಿಗೆ ಮಂಡಿನೋವು. ನಮ್ಮ ಬಚ್ಚಲು ಇರುವುದು ಹಿತ್ತಲ ಮೂಲೆಯಲ್ಲಿ. ಮೂರು ಮೆಟ್ಟಿಲು ಇಳಿಯಬೇಕು, ಮಳೆ ಬಂದರೆ ಛತ್ರಿ ಹಿಡಿಯಬೇಕು. ಅವಳ ರೂಮಿಗೆ ಅಂಟಿಕೊಂಡ ಹಾಗೆ ಆರಡಿ-ಎಂಟಡಿಯ ಒಂದು ಬಚ್ಚಲುಮನೆ ಕಟ್ಟಿಸೋಣ ಅಂತ ಮೇಸ್ತ್ರಿಯನ್ನು ಕರೆಸಿದೆ. ಅವನು ಅಳೆದ. ಕಮೋಡು ಎಲ್ಲಿ, ಗೀಸರ್ ಎಲ್ಲಿ ಅಂತ ಸೀಮೆಸುಣ್ಣದಲ್ಲಿ ಗೆರೆ ಹಾಕಿದ. ಎರಡು ವಾರದ ಕೆಲಸ ಅಂದ. ಅಲ್ಲಿಗೇ ಸುಮ್ನಿದ್ದಿದ್ದರೆ ಎಲ್ಲ ಸರಿಹೋಗುತ್ತಿತ್ತು. ನನ್ನ ಬಾಯಿ ಕೇಳಬೇಕಲ್ಲ.

"ಇದಕ್ಕೆ ಪರ್ಮಿಷನ್ ಬೇಕಾಗುತ್ತಾ?" ಅಂದೆ.

ಮೇಸ್ತ್ರಿ ಕೈಯಲ್ಲಿದ್ದ ಟೇಪು ಬಿಟ್ಟ. ಅದು ಸರ್ರನೆ ಡಬ್ಬಿಯೊಳಗೆ ಹೋಯಿತು. "ಬಚ್ಚಲಿಗೆ ಪರ್ಮಿಷನ್ನಾ ಸಾರ್?" ಅಂದ. ಮೂವತ್ತು ವರ್ಷದಿಂದ ಬೆಂಗಳೂರಿನಲ್ಲಿ ಗೋಡೆ ಎಬ್ಬಿಸುತ್ತಿರುವ ಮನುಷ್ಯ. ಈ ಪ್ರಶ್ನೆ ಕೇಳಿದ ಮೊದಲ ಗಿರಾಕಿ ನಾನೇ ಇರಬೇಕು. ಅಮ್ಮನ ಕಡೆ ತಿರುಗಿ ದನಿ ತಗ್ಗಿಸಿ, "ಸಾರ್‌ಗೆ ಹುಷಾರಿಲ್ವಾ?" ಅಂತ ವಿಚಾರಿಸಿದ.

ಆಮೇಲೆ ನನ್ನನ್ನು ಕೂರಿಸಿಕೊಂಡು ಪಾಠ ಶುರು ಮಾಡಿದ. ಮರಳನ್ನು ಲಾರಿಯಲ್ಲಿ ತರಿಸಿ ಬೀದಿಗೆ ಸುರಿಸಬಾರದು. ಬೆಲ್ಲಕ್ಕೆ ಇರುವೆ ಬಂದ ಹಾಗೆ ಮರಳಿಗೆ ಜನ ಬರುತ್ತಾರೆ. ಮೊದಲು ಬೈಕಿನಲ್ಲಿ ಒಬ್ಬ, ಆಮೇಲೆ ಜೀಪಿನಲ್ಲಿ ಇಬ್ಬರು, ಕೊನೆಗೆ ಕೊರಳಲ್ಲಿ ಐಡಿ ಕಾರ್ಡು ತೂಗುಹಾಕಿಕೊಂಡು, ಯಾವ ಅಂಗಡಿಯಲ್ಲೂ ಸಿಗದ ಪತ್ರಿಕೆಯ ಸಂಪಾದಕರು. ಎಲ್ಲರ ಪ್ರಶ್ನೆಯೂ ಒಂದೇ. ಉತ್ತರವೂ ಒಂದೇ, ಕವರಿನಲ್ಲಿ. ಅದಕ್ಕೇ ಎಂ-ಸ್ಯಾಂಡನ್ನು ಚೀಲಕ್ಕೆ ತುಂಬಿಸಿ, ಕತ್ತಲಾದ ಮೇಲೆ, ಸೋನಾ ಮಸೂರಿ ಬಂದ ಹಾಗೆ ತರಿಸಬೇಕು. ಗೋಡೆ ಎಬ್ಬಿಸುವುದಕ್ಕೆ ಸಾಲು ರಜೆ ಒಳ್ಳೆಯದು. ಆಯುಧಪೂಜೆ, ವಿಜಯದಶಮಿ, ಪಕ್ಕದಲ್ಲೇ ಒಂದು ಭಾನುವಾರ ಬಿದ್ದರೆ ಲಿಂಟಲ್ ಮಟ್ಟ ಮುಟ್ಟಬಹುದು.

"ಎಲ್ಲಕ್ಕಿಂತ ಬೆಸ್ಟ್ ಅಂದ್ರೆ ಎಲೆಕ್ಷನ್ ಸಾರ್" ಅಂದ. ನೋಡುವವರೆಲ್ಲ ಎಲೆಕ್ಷನ್ ಡ್ಯೂಟಿಗೆ ಹೋಗಿರುತ್ತಾರಂತೆ. ನಮ್ಮ ಎದುರು ಮನೆಯ ನಾಲ್ಕನೇ ಮಹಡಿ ಎದ್ದದ್ದು 2023ರ ವಿಧಾನಸಭೆ ಚುನಾವಣೆಯಲ್ಲಿ. ಐದನೆಯದು 2024ರ ಲೋಕಸಭೆಗೆ. ನಮ್ಮಲ್ಲಿ ಪ್ರಜಾಪ್ರಭುತ್ವ ಬೆಳೆಯುತ್ತಿದೆ ಅಂತ ಪೇಪರಿನಲ್ಲಿ ಓದುತ್ತಿದ್ದೆ. ಒಂದೊಂದು ಸಲಕ್ಕೆ ಹತ್ತಡಿ ಅಂತ ಗೊತ್ತಿರಲಿಲ್ಲ.

ಈ ಎದುರು ಮನೆ ಬಗ್ಗೆ ಸ್ವಲ್ಪ ಹೇಳಲೇಬೇಕು. 20-30 ಸೈಟು. ಕೆಳಗೆ ಒಂದು ಬೇಕರಿ, ಅದರ ಪಕ್ಕ ಮೊಬೈಲ್ ಅಂಗಡಿ, ಮೇಲೆಲ್ಲ ಪೀಜಿ. ಅದಕ್ಕೂ ನಕ್ಷೆ ಇದೆ, ಸೀಲು ಬಿದ್ದ ನಕ್ಷೆ. ಯಜಮಾನರು ಒಮ್ಮೆ ಕಾಫಿಗೆ ಕರೆದು ತೋರಿಸಿದರು. ನಕ್ಷೆಯಲ್ಲಿ ಬೇಕರಿ ಇರುವ ಕಡೆ ಕಾರು ನಿಂತಿದೆ. ಸುತ್ತಲೂ ಗಾಳಿ ಬೆಳಕಿಗೆ ಜಾಗ. ಹಿಂದೆ ಇಂಗುಗುಂಡಿ. ಮುಂದೆ ಒಂದು ಗಿಡ ಕೂಡ ಇದೆ, ಮೋಡದ ಹಾಗೆ ದುಂಡಗೆ ಬರೆದದ್ದು. ನಮ್ಮ ಬೀದಿಯ ಎಲ್ಲ ಮನೆಗಳ ನಕ್ಷೆ ತಂದು ಪಕ್ಕಪಕ್ಕ ಹಾಸಿ ನೋಡಿ. ಎಂಥ ಊರು ಅದು! ಎಲ್ಲ ಕಾರುಗಳೂ ಮನೆಯೊಳಗೆ ನಿಂತಿವೆ, ರಸ್ತೆ ಖಾಲಿ. ಒಬ್ಬರ ಕಿಟಕಿ ಇನ್ನೊಬ್ಬರ ಕಿಟಕಿಗೆ ತಾಗುವುದಿಲ್ಲ. ನಾವಿರುವ ಊರಿನಲ್ಲಿ ಮಾತ್ರ ಪಕ್ಕದ ಮನೆ ಕುಕ್ಕರಿನ ವಿಷಲ್ ಎಣಿಸಿ ನಮ್ಮ ಗ್ಯಾಸ್ ಆರಿಸುತ್ತೇವೆ. ಆ ನಕ್ಷೆಯೊಳಗೆ ಒಂದು ಬಾಡಿಗೆ ಮನೆ ಸಿಕ್ಕರೆ ನಾಳೆಯೇ ಹಾಲುಕ್ಕಿಸಲು ನಾನು ತಯಾರು.

ನಗುವ ವಿಷಯ ಅಲ್ಲ ಅನ್ನೋದೂ ಗೊತ್ತು. 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 9 ಜನ ಸತ್ತರು. ಕುಸಿದ ಮೇಲೆ ಅದು ಅಕ್ರಮ ಅಂತ ಎಲ್ಲರೂ ಹೇಳಿದರು. ಬೀದಿಯಲ್ಲಿ ನಿಂತು ಕತ್ತೆತ್ತಿದರೆ ಕಾಣುವಷ್ಟು ಎತ್ತರ ಇದ್ದಾಗ ಅದು ಯಾರಿಗೂ ಕಾಣಿಸಲಿಲ್ಲ. ನೆಲಸಮ ಆದ ಮೇಲೆ ಕಂಡಿತು.

ಇದನ್ನೆಲ್ಲ ಯೋಚಿಸಿಯೇ ನನಗೆ ಪರ್ಮಿಷನ್ನಿನ ಹುಚ್ಚು ಜಾಸ್ತಿ ಆದದ್ದು. ನಿಯಮ ಓದಿದೆ. ಸುಣ್ಣಬಣ್ಣ, ಪ್ಲಾಸ್ಟರು, ನೆಲಕ್ಕೆ ಹೊಸ ಟೈಲ್ಸು, ಇಂಥದ್ದಕ್ಕೆ ಪರವಾನಗಿ ಬೇಡ. ಗೋಡೆ ಎಬ್ಬಿಸಿ ಮನೆ ದೊಡ್ಡದು ಮಾಡಿದರೆ ಬೇಕು. ಸೆಟ್‌ಬ್ಯಾಕ್, ಅಂದರೆ ಮನೆ ಸುತ್ತ ಖಾಲಿ ಬಿಡಬೇಕಾದ ಜಾಗದಲ್ಲಾದರೆ ಕಟ್ಟುವ ಹಾಗೇ ಇಲ್ಲ. ಅರ್ಜಿ ಹಾಕುವವನ ಹತ್ತಿರ ಖಾತೆ, ಅಂದರೆ ಪಾಲಿಕೆಯ ಆಸ್ತಿ ದಾಖಲೆ ಇರಬೇಕು, ಅದು ಎಲ್ಲ ಕಾಗದ ಸರಿ ಇರುವವರಿಗೆ ಸಿಗುವ ಎ ಖಾತೆ ಆಗಿರಬೇಕು. ಕಾಗದ ಪೂರ್ತಿ ಸರಿಯಿಲ್ಲದ ಬಿ ಖಾತೆಯವರು ತೆರಿಗೆ ಕಟ್ಟಬಹುದು, ಮನೆ ಕಟ್ಟುವ ಹಾಗಿಲ್ಲ ಅನ್ನುವುದು ಬಹಳ ವರ್ಷ ನಡೆದುಬಂದ ಪದ್ಧತಿ. ಆದರೂ ಬಿ ಖಾತೆ ಸೈಟುಗಳ ತುಂಬ ಮನೆಗಳಿವೆ. ಮಳೆಗಾಲದಲ್ಲಿ ಅಣಬೆ ಎದ್ದ ಹಾಗೆ ತಾವೇ ಎದ್ದಿರಬೇಕು.

ನಮ್ಮದು ಎ ಖಾತೆ. ಆ ಧೈರ್ಯದಲ್ಲಿ ಅಪ್ಪನ ಟ್ರಂಕು ತೆಗೆದೆ. 1992ರಲ್ಲಿ ಅಪ್ಪ ಮನೆ ಕಟ್ಟಿಸಿದಾಗಿನ ನಕ್ಷೆ, ಎಲ್‌ಐಸಿ ಬಾಂಡುಗಳ ಕೆಳಗೆ, ಗುಂಡುಸೂಜಿಯ ತುಕ್ಕು ಹಿಡಿದು ಮಲಗಿತ್ತು. ಬಿಡಿಸಿ ಹಾಸಿದೆ. ಮೊದಲು ಇದು ಬೇರೆ ಯಾರದೋ ಮನೆ ನಕ್ಷೆ ಅಂದುಕೊಂಡೆ. ಮೆಟ್ಟಿಲು ಎಡಗಡೆ ಇದೆ, ನಮ್ಮದು ಬಲಗಡೆ. ಹಿತ್ತಲಲ್ಲಿ ಬಚ್ಚಲೇ ಇಲ್ಲ, ಅಲ್ಲಿ ಸೆಟ್‌ಬ್ಯಾಕ್ ಅಂತ ಇದೆ. ಬಚ್ಚಲು ಇರುವುದು ಮನೆಯ ಒಳಗೆ, ಈಶಾನ್ಯ ಮೂಲೆಯಲ್ಲಿ, ಅಮ್ಮನ ರೂಮಿಗೆ ಅಂಟಿಕೊಂಡು. ಈಗ ಅಲ್ಲಿ ದೇವರಮನೆ ಇದೆ. "ಪಾಯ ತೋಡೋವಾಗ ವಾಸ್ತು ನೋಡೋರು ಬಂದಿದ್ರು ಕಣೋ" ಅಂದಳು ಅಮ್ಮ. "ಈಶಾನ್ಯದಲ್ಲಿ ಬಚ್ಚಲಾ ಅಂತ ತಲೆ ಮೇಲೆ ಕೈ ಹೊತ್ತುಕೊಂಡರು. ನಿಮ್ಮಪ್ಪ ಅಲ್ಲೇ ಬದಲಾಯಿಸಿಬಿಟ್ಟರು."

ಸೀಲು ಒತ್ತಿದ ಇಂಜಿನಿಯರ್ ಒಂದು ಕಡೆ, ವಾಸ್ತು ಹೇಳಿದವರು ಇನ್ನೊಂದು ಕಡೆ. ಬೆಂಗಳೂರಿನಲ್ಲಿ ಇಂಥ ಜಗಳದಲ್ಲಿ ಇಂಜಿನಿಯರ್ ಗೆದ್ದದ್ದನ್ನು ನಾನಂತೂ ಕಂಡಿಲ್ಲ.

ಗೆಳೆಯನೊಬ್ಬ ಇಂಜಿನಿಯರ್. ನಕ್ಷೆ ನೋಡಿ ಮಡಿಸಿ, ನನ್ನ ಕೈಗೇ ಕೊಟ್ಟ. "ಅರ್ಜಿ ಹಾಕದಿದ್ರೆ ನಿಂದು ಮನೆ. ಹಾಕಿದ್ರೆ ಅದು ಡೀವಿಯೇಷನ್" ಅಂದ. ಹೊಸ ಬಚ್ಚಲು ಕೇಳಬೇಕಾದರೆ ಹಳೇ ನಕ್ಷೆ ಕೊಡಬೇಕು. ಕೊಟ್ಟರೆ ಹಳೇ ಬಚ್ಚಲು ಇರಬಾರದಿತ್ತು ಅಂತ ಗೊತ್ತಾಗುತ್ತದೆ. ಮೆಟ್ಟಿಲೂ ಹೋಯಿತು. ಮೂವತ್ತು ವರ್ಷ ಹತ್ತಿ ಇಳಿದ ಮೆಟ್ಟಿಲು ಕಾಗದದಲ್ಲಿ ಇಲ್ಲ.

"ಅಕ್ರಮ-ಸಕ್ರಮ ಇದೆಯಲ್ಲ?" ಅಂದೆ. ಆ ಹೆಸರೇ ನೋಡಿ. ಇಷ್ಟು ನೇರವಾದ ಹೆಸರು ಸರ್ಕಾರದ ಬೇರೆ ಯಾವ ಯೋಜನೆಗೂ ಇಲ್ಲ. ಮನೆಗಳಲ್ಲಿ ನಿಯಮ ಮುರಿದದ್ದು 50% ದಾಟದಿದ್ದರೆ ದಂಡ ಕಟ್ಟಿ ಸಕ್ರಮ ಅಂತ 2014ರಲ್ಲಿ ನಿಯಮ ಬಂತು. ನಮ್ಮ ಕಾಲದ ಪರೀಕ್ಷೆಯಲ್ಲಿ 35 ತೆಗೆದರೆ ಪಾಸು, ಇಲ್ಲಿ 50 ತಪ್ಪಿದರೂ ಪಾಸು. ಹೈಕೋರ್ಟು 2016ರ ಡಿಸೆಂಬರ್‌ನಲ್ಲಿ ಸರಿ ಅಂದಿತು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ಆ ವರ್ಷ ಎಲ್‌ಕೆಜಿ ಸೇರಿದ ಮಕ್ಕಳು ಹೈಸ್ಕೂಲ್ ಬಾಗಿಲಿಗೆ ಬಂದಿದ್ದಾರೆ.

2024ರಲ್ಲಿ ಬಂದ ನಂಬಿಕೆ ನಕ್ಷೆ ಯೋಜನೆ ಇನ್ನೂ ಚೆಂದ. 50-80 ಸೈಟಿನವರೆಗೆ, ನೋಂದಾಯಿತ ಆರ್ಕಿಟೆಕ್ಟ್ ಅಥವಾ ಇಂಜಿನಿಯರ್ ಎಲ್ಲ ಸರಿಯಾಗಿದೆ ಅಂತ ತಾವೇ ಬರೆದುಕೊಟ್ಟು ಆನ್‌ಲೈನ್‌ನಲ್ಲಿ ಹಾಕಿದರೆ ತಾತ್ಕಾಲಿಕ ಮಂಜೂರಾತಿ. ಕೆಲಸ ಬೇಗ ಆಗಲಿ ಅನ್ನುವ ಉದ್ದೇಶ ಒಳ್ಳೆಯದೇ, ಸುಮ್ನೆ ಆಡಿಕೊಳ್ಳಬಾರದು. ಆದರೆ ಈ ಊರಿನ ನಕ್ಷೆಗೂ ಮನೆಗೂ ನಡುವೆ ಇರುವ ಸಂಬಂಧ ನೋಡಿದವರು ನಂಬಿಕೆ ಅನ್ನುವ ಪದ ಆರಿಸಿದ್ದಾರಲ್ಲ, ಅವರ ಎದೆಗಾರಿಕೆಗೆ ಕೈಮುಗಿಯಬೇಕು.

ಓಸಿ ಕಥೆ ಮಾತ್ರ ಪೂರ್ತಿ ಹೇಳಿಯೇ ಬಿಡುತ್ತೇನೆ. ಕಟ್ಟಿದ ಮನೆ ನಕ್ಷೆಯ ಹಾಗೇ ಇದೆ, ವಾಸ ಮಾಡಿ ಅಂತ ಕೊಡುವ ಕಾಗದ ಅದು. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟು ಹೇಳಿತು: ಓಸಿ ಇಲ್ಲದಿದ್ದರೆ ಕರೆಂಟು, ನೀರು ಕೊಡಬೇಡಿ. ಮುಂದಿನ ವರ್ಷ ಇಲ್ಲಿ ಅದನ್ನು ಜಾರಿಗೆ ತಂದರು. ತಂದ ಮೇಲೆ ಗೊತ್ತಾಯಿತು, ಸಣ್ಣ ಸೈಟಿನ ಮನೆಯವರಲ್ಲಿ ಓಸಿ ತೆಗೆದುಕೊಂಡವರನ್ನು ದೀಪ ಹಚ್ಚಿ ಹುಡುಕಬೇಕು ಅಂತ. ಹುಡುಕಲು ಹಚ್ಚೋಣ ಅಂದರೆ ಕರೆಂಟಿಲ್ಲ. ಗೃಹಪ್ರವೇಶ ಆದ ಹೊಸ ಮನೆಗಳು ಕತ್ತಲಲ್ಲಿ ಕೂತವು. ಕೊನೆಗೆ 2025ರ ಅಕ್ಟೋಬರ್‌ನಲ್ಲಿ ಸರ್ಕಾರ 1200 ಚದರ ಅಡಿವರೆಗಿನ ಸೈಟಿನ ಸಣ್ಣ ಮನೆಗಳಿಗೆ ಓಸಿಯಿಂದ ವಿನಾಯಿತಿ ಕೊಟ್ಟಿತು. ಇಡೀ ಕ್ಲಾಸು ಫೇಲಾದಾಗ ಮೇಷ್ಟ್ರು ಪ್ರಶ್ನೆಪತ್ರಿಕೆಯನ್ನೇ ವಾಪಸ್ ಪಡೆದರು. ನಮ್ಮದೂ 30-40 ಸೈಟು, ಖುಷಿಪಟ್ಟೆ. ಆ ಖುಷಿಗೂ ಬಚ್ಚಲಿಗೂ ಸಂಬಂಧ ಇಲ್ಲ ಅಂತ ಗೆಳೆಯ ಹೇಳಿದ. ಓಸಿ ಬೇಡ, ಅಷ್ಟೇ. ನಕ್ಷೆ ಬೇಕೇ ಬೇಕು.

ಈ ನಡುವೆ ಅಪ್ಪನ ನಕ್ಷೆಗೆ ಸೀಲು ಒತ್ತಿದ ಪಾಲಿಕೆ 2007ರಲ್ಲಿ ಬೃಹತ್ ಆಯಿತು, 2025ರ ಸೆಪ್ಟೆಂಬರ್‌ನಲ್ಲಿ ಐದು ಪಾಲಾಯಿತು. ನಮ್ಮ ಬಚ್ಚಲು ಹಿತ್ತಲಲ್ಲೇ ಇದೆ.

ಕೊನೆಗೆ ನನಗೇ ಒಂದು ದಾರಿ ಹೊಳೆಯಿತು. ಅಮ್ಮನನ್ನು ಕೂರಿಸಿ ಹೇಳಿದೆ. ದೇವರಮನೆ ಇರುವ ಕಡೆ ನಕ್ಷೆಯಲ್ಲಿ ಬಚ್ಚಲು ಇದೆ. ಅಲ್ಲೇ ಕಮೋಡು ಕೂರಿಸಿದರೆ ಹೊಸ ಗೋಡೆ ಬೇಡ. ಟೈಲ್ಸಿಗೆ ಯಾರನ್ನೂ ಕೇಳಬೇಕಿಲ್ಲ. ನಮ್ಮ ಮನೆಯ ಒಂದು ಮೂಲೆಯಾದರೂ ಕಾನೂನಿನ ಹಾಗೆ ಇರುತ್ತದೆ.

ಅಮ್ಮ ಆ ಕಡೆ ನೋಡಿದಳು. ವೆಂಕಟರಮಣನ ಪಟ, ಪಕ್ಕದಲ್ಲಿ ಅಪ್ಪನ ಫೋಟೋ, ಮುಂದೆ ಉರಿಯುವ ದೀಪ.

"ಅಂದ್ರೆ ಇಷ್ಟು ವರ್ಷ ನಾನು ದೀಪ ಹಚ್ಚಿದ್ದು ಬಚ್ಚಲಲ್ಲೇನೋ?"

ದಾಖಲೆ ಪ್ರಕಾರ ಹೌದು ಅನ್ನುವ ಧೈರ್ಯ ಬರಲಿಲ್ಲ.

ಮೇಸ್ತ್ರಿ ಬಾಗಿಲಲ್ಲೇ ಕೂತು ಬೀಡಿ ಹಚ್ಚಲೋ ಬೇಡವೋ ಅಂತ ಯೋಚಿಸುತ್ತಿದ್ದ. "ಕಾರ್ಪೊರೇಷನ್ ಎಲೆಕ್ಷನ್ ಯಾವಾಗ ಸಾರ್?" ಅಂದ. 2020ರ ಸೆಪ್ಟೆಂಬರ್‌ನಲ್ಲಿ ಕೌನ್ಸಿಲ್ ಅವಧಿ ಮುಗಿದು ಐದು ವರ್ಷ ಕಳೆದರೂ ಎಲೆಕ್ಷನ್ ನಡೆಯದಿದ್ದ ಊರಿನಲ್ಲಿ ಅವನು ಅದನ್ನೇ ನಂಬಿಕೊಂಡಿದ್ದ. "ಹಾಗಾದ್ರೆ ದಸರಾನೇ ಗತಿ" ಅಂತ ಎದ್ದ. ಅವನು ಹಾಕಿದ್ದ ಸೀಮೆಸುಣ್ಣದ ಗೆರೆ ಮಳೆಯಲ್ಲಿ ಅರ್ಧ ಅಳಿಸಿತ್ತು. ಅಮ್ಮ ಗೂಟದಲ್ಲಿದ್ದ ಛತ್ರಿ ತೆಗೆದುಕೊಂಡು ಹಿತ್ತಲಿಗೆ ಇಳಿದಳು.