ಮಂಡಿ ನೋವಿಗೆ ಟೇಬಲ್ ಊಟ, ಕಿವಿ ನೋವಿಗೆ?

ನಾನು ಹಾಸನದವನು, ಈಗಿರುವುದು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ. ಊರಲ್ಲೇ ಇರುವ ಅಕ್ಕನ ಮಗನಿಗೆ ಆಟಿಸಂ ಇದೆ, ಅಂದರೆ ಹುಟ್ಟಿನಿಂದಲೇ ಅವನ ಮೆದುಳು ಸದ್ದು, ಬೆಳಕು, ಜನರ ಮಾತನ್ನು ಬೇರೆ ರೀತಿ ಗ್ರಹಿಸುತ್ತದೆ. ಊರಿಗೆ ಹೋದಾಗಲೆಲ್ಲ ಒಂದೇ ಸಲಹೆ ಕಿವಿಗೆ ಬೀಳುತ್ತದೆ: "ನಾಲ್ಕು ಜನರ ಜೊತೆ ಬೆರೆಯೋಕೆ ಬಿಡಿ, ಎಲ್ಲಾ ಸರಿಹೋಗುತ್ತೆ." ಬೆರೆಯಲಿ, ಬೇಡ ಅಂದವರು ಯಾರು? ಆದರೆ ಬೆರೆಯುವ ಜಾಗವೇ ಅವನಿಗೆ ನೋವು ಕೊಡುತ್ತಿದ್ದರೆ?

ನಮ್ಮ ಛತ್ರಗಳನ್ನೇ ನೋಡಿ. ವಾಲಗಕ್ಕೆ ಮೈಕು, ಪಕ್ಕದಲ್ಲೇ ಸ್ಪೀಕರು. ವಿಡಿಯೋದವರ ಲೈಟು ನೇರ ಕಣ್ಣಿಗೆ. ಹೂವು, ಊದುಬತ್ತಿ, ಒಗ್ಗರಣೆ ಎಲ್ಲದರ ವಾಸನೆ ಒಟ್ಟಿಗೆ. ಇದರಲ್ಲಿ ಬೇಡದ್ದನ್ನು ನಮ್ಮ ಮೆದುಳು ತಾನಾಗಿ ಹಿಂದಕ್ಕೆ ತಳ್ಳುತ್ತದೆ. ಆಟಿಸಂ ಇರುವ ಎಷ್ಟೋ ಜನರಿಗೆ ಎಲ್ಲವೂ ಒಂದೇ ಜೋರಿನಲ್ಲಿ ಬಂದು ಬಡಿಯುತ್ತದೆ. ಅಂಗಿಯ ಕಾಲರ್ ಹಿಂದಿನ ಲೇಬಲ್ ಕೂಡ ಚುಚ್ಚುತ್ತಲೇ ಇರುತ್ತದೆ. ಇನ್ನು ಕೆಲವರಿಗೆ ಸ್ಪರ್ಶ, ನೋವು ಕಮ್ಮಿ ಗೊತ್ತಾಗುತ್ತದೆ. ಅವರು ಕುಣಿಯುತ್ತಾರೆ, ಸುತ್ತುತ್ತಾರೆ, ಬಿಗಿಯಾಗಿ ಅಪ್ಪಿಕೊಳ್ಳುತ್ತಾರೆ. ಅಮೆರಿಕದ ಮನೋವೈದ್ಯರ ಸಂಘ 2013ರ ತನ್ನ ಕೈಪಿಡಿಯಲ್ಲಿ ಇದನ್ನೆಲ್ಲ ಆಟಿಸಂನ ಲಕ್ಷಣಗಳಲ್ಲಿ ಸೇರಿಸಿತು.

ಇಷ್ಟರ ನಡುವೆ ಬಂದವರೆಲ್ಲ ಅಕ್ಕನ ಮಗನ ಕೆನ್ನೆ ಹಿಂಡಿ, "ಮಾಮನ್ನ ನೋಡಿ ಮಾತಾಡು" ಅನ್ನುತ್ತಾರೆ. ಕಣ್ಣಲ್ಲಿ ಕಣ್ಣಿಟ್ಟರೆ ಅವನಿಗೆ ಮಾತು ಕೇಳಿಸಿಕೊಳ್ಳುವುದೇ ಕಷ್ಟ. ಐದು ನಿಮಿಷಕ್ಕೆ ಹೊರಡೋಣ ಅಂದವರು ಒಂದು ಗಂಟೆ ಕೂರುತ್ತಾರೆ. ಅವನು ಐದು ನಿಮಿಷವನ್ನೇ ನಂಬಿರುತ್ತಾನೆ. ಕೊನೆಗೆ ತಡೆಯಲಾರದೆ ಕಿರುಚಿದರೆ "ಹಟ" ಅನ್ನುತ್ತಾರೆ. ಅದು ಹಟವಲ್ಲ. ಹಟ ಮಾಡುವ ಮಗು ಕೇಳಿದ್ದು ಕೊಟ್ಟರೆ ಸುಮ್ಮನಾಗುತ್ತದೆ. ಇವನಿಗೆ ಬೇಕಾದ್ದು ಅಲ್ಲಿಂದ ಹೊರಗೆ ಹೋಗುವುದು, ಅಷ್ಟೇ.

ಇಲ್ಲಿ ಇಂಗ್ಲೆಂಡಿನಲ್ಲಿ ಇಂಥವರಿಗಾಗಿಯೇ ಮಾರಿಸನ್ಸ್ ಸೂಪರ್ ಮಾರ್ಕೆಟ್‌ನವರು 2018ರಲ್ಲಿ ಶನಿವಾರ ಬೆಳಿಗ್ಗೆ ಒಂದು ಗಂಟೆ ಹಾಡು ನಿಲ್ಲಿಸಿ, ಲೈಟು ತಗ್ಗಿಸಿ, ಬಿಲ್ಲಿಂಗ್ ಮೆಷಿನ್ನಿನ ಬೀಪ್ ಸದ್ದನ್ನೂ ಕಮ್ಮಿ ಮಾಡಿದರು. 2016ರಲ್ಲಿ ಗ್ಯಾಟ್ವಿಕ್ ವಿಮಾನ ನಿಲ್ದಾಣದಲ್ಲಿ ಸೂರ್ಯಕಾಂತಿ ಚಿತ್ರದ ಹಸಿರು ಕೊರಳಪಟ್ಟಿ ಶುರುವಾಯಿತು. ಅದನ್ನು ಹಾಕಿಕೊಂಡವರಿಗೆ ಸ್ವಲ್ಪ ಸಮಯ, ತಾಳ್ಮೆ ಬೇಕು ಅಂತ ಸಿಬ್ಬಂದಿಗೆ ಗೊತ್ತಾಗುತ್ತದೆ. ಆಟಿಸಂ ಇರುವ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್ 2012ರಲ್ಲಿ ಹೇಳಿದ್ದೂ ನನಗೆ ಸರಿ ಅನಿಸುತ್ತದೆ: ಒಬ್ಬರನ್ನೊಬ್ಬರು ಅರ್ಥಮಾಡಿಕೊಳ್ಳುವ ಕಷ್ಟ ಆಟಿಸಂ ಇರುವವರಿಗೂ ಇಲ್ಲದವರಿಗೂ, ಎರಡೂ ಕಡೆ ಇದೆ.

ಹಾಗಂತ ಇಲ್ಲಿ ಎಲ್ಲಾ ಚೆನ್ನಾಗಿಲ್ಲ. ಸರ್ಕಾರಿ ತಪಾಸಣೆಗೆ ತುಂಬಾ ಕಾಯಬೇಕು. ಪಕ್ಕದ ಮನೆಯವರಿಗೆ ಮಗುವಿನ ಹೆಸರೂ ಗೊತ್ತಿರುವುದಿಲ್ಲ. ಹಾಸನದಲ್ಲಿ ಅಕ್ಕ ತಪಾಸಣೆಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಓಡಾಡಿದ್ದು ನಿಜ. ಆದರೆ ಅವನು ಗೇಟು ದಾಟಿದರೆ ಬೀದಿಯವರೇ ಕರೆದುಕೊಂಡು ಬರುತ್ತಾರೆ. ಅಂಗಡಿಯವರು ಮಾತಾಡಿಸದೆ ಅವನ ಬಿಸ್ಕತ್ತು ತೆಗೆದು ಕೊಡುತ್ತಾರೆ. ಇದನ್ನು ಲೆಸ್ಟರ್‌ನಲ್ಲಿ ಯಾವ ದುಡ್ಡಿಗೂ ತರಲಾಗದು.

ನಮ್ಮವರಿಗೆ ಹೊಂದಿಸಿಕೊಡುವುದು ಬರುವುದಿಲ್ಲ ಅಂತೇನಿಲ್ಲ. ಮಂಡಿ ನೋವಿದ್ದವರಿಗೆ ಟೇಬಲ್ ಊಟ, ಶುಗರ್ ಇದ್ದವರಿಗೆ ಸಕ್ಕರೆ ಹಾಕದ ಕಾಫಿ, ಕೇಳದೆಯೇ ಬರುತ್ತದೆ ಅಲ್ವಾ? ಅದೇ ಅಕ್ಕರೆ ಈ ಮಕ್ಕಳ ಕಿವಿಗೂ ಕಣ್ಣಿಗೂ ಸಿಗಬೇಕು. ಬರುವ ಚಳಿಗಾಲದಲ್ಲಿ ನಮ್ಮ ಮನೆಯದೇ ಮದುವೆ ಇದೆ. ಛತ್ರದವರು ಹಿಂದಿನ ರೂಮನ್ನು ಅವನಿಗಾಗಿ ಬಿಟ್ಟುಕೊಡಲು ಒಪ್ಪಿದ್ದಾರೆ. ವಾಲಗದವರಿಗೆ ಮೈಕು ಬೇಡ ಅಂತ ಭಾವ ಆಗಲೇ ಹೇಳಿ ಬಂದಿದ್ದಾರೆ.