ಮೋಡದ ಬೆಳಕು, ಮದುಮಗಳ ಮುಖ

ಆಷಾಢದಲ್ಲಿ ಬೆಂಗಳೂರಿನ ಕಲ್ಯಾಣ ಮಂಟಪಗಳು ಬಿಕೋ ಎನ್ನುತ್ತವೆ. ಮದುಮಗಳನ್ನು ಸಿಂಗರಿಸುವವರಿಗೂ ಕೈತುಂಬ ಬಿಡುವು. ಹಾಗೆಂದು ಅವರು ಸುಮ್ಮನೆ ಕೂರುವಂತಿಲ್ಲ. ಶ್ರಾವಣದ ಮುಹೂರ್ತಗಳಿಗೆ ಗಿರಾಕಿಗಳು ಬರಬೇಕಾದರೆ ಮೊಬೈಲಿನಲ್ಲಿ ತೋರಿಸಲು ಒಳ್ಳೆಯ ಫೋಟೊಗಳಿರಬೇಕು. ನನ್ನ ಅಕ್ಕನ ಮಗಳದೂ ಇದೇ ವೃತ್ತಿ. ಬಸವನಗುಡಿಯ ನಮ್ಮ ಹಳೆಯ ಮನೆಯ ನಡುಮನೆಯೇ ಅವಳ ಸ್ಟುಡಿಯೊ. ಗೆಳತಿಯೊಬ್ಬಳನ್ನು ಕಿಟಕಿಯ ಪಕ್ಕ ಕೂರಿಸಿ ಮೇಕಪ್ ಮಾಡುತ್ತಾಳೆ. ಕಿಟಕಿಯ ಬೆಳಕು ಆಚೆಯ ಕೆನ್ನೆಗೂ ತಲುಪಲೆಂದು ಬಿಳಿಯ ಥರ್ಮೋಕೋಲ್ ಹಲಗೆ ಹಿಡಿದು ನಿಲ್ಲುವುದು ನಿವೃತ್ತನಾದ ನನ್ನ ಹೊಸ ಹುದ್ದೆ. ಸಂಬಳ ಕಾಫಿ.

ಉತ್ತರದ ಕಿಟಕಿಯಲ್ಲಿ ನೇರ ಬಿಸಿಲು ಬೀಳುವುದಿಲ್ಲ, ಅಲ್ಲೇ ಕೂರಿಸಿ ಎಂದು ಫೋಟೊ ಕಲಿಸುವವರು ಹೇಳುವುದುಂಟು. ಯೂರೋಪಿನ ಚಿತ್ರಕಾರರಿಗೆ ಆ ಮಾತು ಸರಿ. ಆದರೆ ನಾವಿರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಆಸುಪಾಸಿನಲ್ಲಿ ನಡುಹಗಲಿನ ನೆರಳು ಕಾಲಡಿಯಲ್ಲೇ ಅಡಗುವ ಶೂನ್ಯ ನೆರಳಿನ ದಿನ ಬರುತ್ತದೆ. ಅಲ್ಲಿಂದ ಆಗಸ್ಟ್ 18ರ ಸುಮಾರಿಗೆ ಅದೇ ಆಟ ಮರುಕಳಿಸುವವರೆಗೆ ಮಧ್ಯಾಹ್ನದ ಸೂರ್ಯ ನಮಗೆ ಉತ್ತರದಲ್ಲೇ ಇರುತ್ತಾನೆ. ಮೇ ತಿಂಗಳ ಬೆಳಗ್ಗೆ ಉತ್ತರದ ಕಿಟಕಿಯನ್ನು ನಂಬಿ ಕೂತರೆ ಓರೆ ಬಿಸಿಲು ಒಳನುಗ್ಗಿ, ಮೂಗಿನ ಮೇಲೆ ಸರಳಿನ ನೆರಳು ಎಳೆದು ಹೋಗುತ್ತದೆ. ನಮ್ಮನ್ನು ಕಾಯುವುದು ದಿಕ್ಕಲ್ಲ, ಮುಂಗಾರಿನ ಮೋಡ. ಆಕಾಶವೆಲ್ಲ ಒಂದೇ ದೀಪವಾದಾಗ ಮೂಗಿನ ಕೆಳಗಾಗಲಿ ಕಣ್ಣಿನ ಗುಳಿಯಲ್ಲಾಗಲಿ ಕರಿ ನೆರಳು ಉಳಿಯುವುದಿಲ್ಲ. ಮದುವೆಗೆ ಬೇಡವಾದ ತಿಂಗಳು ಮದುಮಗಳ ಫೋಟೊಗೆ ಹೇಳಿ ಮಾಡಿಸಿದ್ದು!

“ಮಾವ, ಮೊದಲು ಆ ದೀಪ ಆರಿಸಿ” ಎನ್ನುತ್ತಾಳೆ. ಬೆಳಕಿನ ಬಣ್ಣವನ್ನು ಅಳೆಯುವ ಕೆಲ್ವಿನ್ ಲೆಕ್ಕದಲ್ಲಿ ಹಗಲಿನ ಬೆಳಕು ಸುಮಾರು 5500, ನಡುಮನೆಯ ಹಳದಿ ಬಲ್ಬು 2700. ಕ್ಯಾಮೆರಾ ಒಂದಕ್ಕೆ ಹೊಂದಿಕೊಂಡರೆ ಇನ್ನೊಂದು ಕೆಡುತ್ತದೆ. ಒಂದು ಕೆನ್ನೆಗೆ ಅರಿಸಿನ, ಇನ್ನೊಂದಕ್ಕೆ ನೀಲಿ. ಫ್ಲ್ಯಾಶ್ ಇನ್ನೂ ಅಪಾಯಕಾರಿ. ಸನ್‌ಸ್ಕ್ರೀನಿನ ಝಿಂಕ್ ಆಕ್ಸೈಡ್, ಟೈಟೇನಿಯಂ ಡೈಆಕ್ಸೈಡ್, ಪೌಡರಿನ ಸಿಲಿಕಾ ಇವೆಲ್ಲ ಆ ಬೆಳಕನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಅಟ್ಟುತ್ತವೆ. ಆರತಕ್ಷತೆಯ ಎಷ್ಟೋ ಆಲ್ಬಮ್‌ಗಳಲ್ಲಿ ಮುಖ ಮೈದಾ ಮೆತ್ತಿದಂತಿದ್ದು ಕುತ್ತಿಗೆ ಮಾತ್ರ ಸ್ವಂತ ಬಣ್ಣದಲ್ಲಿರುವುದು ಇದರಿಂದಲೇ. ಮೊಬೈಲನ್ನು ಮುಖದ ಹತ್ತಿರ ಹಿಡಿಯುವುದೂ ತಪ್ಪು. 12 ಇಂಚಿನಿಂದ ತೆಗೆದ ಚಿತ್ರದಲ್ಲಿ ಮೂಗು, 5 ಅಡಿಯಿಂದ ತೆಗೆದದ್ದಕ್ಕಿಂತ ಶೇ. 30ರಷ್ಟು ಅಗಲವಾಗಿ ಕಾಣುತ್ತದೆಂದು ಅಮೆರಿಕದ ವೈದ್ಯರು 2018ರಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ.

ಈಗ ಯಾರ ಫೋಟೊ ಸಿಕ್ಕಿದರೂ ನಾನು ಮೊದಲು ಹಿಗ್ಗಿಸಿ ನೋಡುವುದು ಕಣ್ಣಿನ ಪಾಪೆಯನ್ನು. ರಿಂಗ್ ಲೈಟ್ ಇಟ್ಟಿದ್ದರೆ ಅಲ್ಲೊಂದು ಬಿಳಿಯ ಬಳೆ. ಕಿಟಕಿಯಾದರೆ ಚೌಕ ಬೆಳಕು, ನಡುವೆ ಸರಳು. ನಮ್ಮ ಒಂದು ಚಿತ್ರದಲ್ಲಿ ಚೌಕದ ಪಕ್ಕ ಬಿಳಿ ಹಲಗೆ, ಅದರ ಮೇಲೊಂದು ಬೋಳುತಲೆ ಕೂಡ ಇತ್ತು. ಅಳಿಸುತ್ತೇನೆ ಎಂದಳು. ಸಹಾಯಕರ ಹೆಸರನ್ನಂತೂ ಯಾರೂ ಹಾಕುವುದಿಲ್ಲ, ತಲೆಯಾದರೂ ಇರಲಿ ಎಂದೆ.

ಮುಖದ ಮೇಲಿನದನ್ನು ಅಳಿಸಬಾರದೆಂಬ ವಿಷಯದಲ್ಲಿ ಮಾತ್ರ ನಮ್ಮಿಬ್ಬರದೂ ಒಂದೇ ಹಟ. ಚರ್ಮವನ್ನು ನುಣುಪಾಗಿಸುವ ಆ್ಯಪ್‌ಗಳಿಗೆ ಮಚ್ಚೆಗೂ ಮೊಡವೆಗೂ ಭೇದ ತಿಳಿಯದು. ರೆಪ್ಪೆಯ ಮೇಲೆ ತಾಮ್ರದ ಬಣ್ಣ ಕಂದಿಗೆ ತಿರುಗುವ ಜಾಗ, ಕಾಡಿಗೆಯ ಚೂಪು ತುದಿ, ಹುಬ್ಬಿನಲ್ಲಿ ಬಿಡಿಬಿಡಿಯಾಗಿ ಬರೆದ ಕೂದಲು, ಇವನ್ನೆಲ್ಲ ಅವು ಸಲೀಸಾಗಿ ನುಂಗುತ್ತವೆ. ಮೇಕಪ್ ತೋರಿಸಲೆಂದು ತೆಗೆದ ಫೋಟೊದಲ್ಲಿ ಮೇಕಪ್ಪೇ ಇರುವುದಿಲ್ಲ! ರಂಧ್ರಗಳು ಕಾಣುವ ಕೆನ್ನೆಯ ಮೇಲೆ ಫೌಂಡೇಶನ್ ಒಡೆಯದೆ ಕೂತಿದೆಯೆಂದರೆ ತಾನೇ ಕೈಚಳಕ? ಗಿರಾಕಿಗಳು ಇದನ್ನು ಸುಲಭವಾಗಿ ಒಪ್ಪುವುದಿಲ್ಲ. ಪಕ್ಕದ ಬೀದಿಯವರ ಫೋಟೊ ಬೆಣ್ಣೆಯಂತಿದೆ, ನಿಮ್ಮದು ಯಾಕಿಲ್ಲ ಎಂದು ಕೇಳುತ್ತಾರೆ. “ಆ ಮುಖ ನೋಡಿ ಬಂದವರು ಮುಹೂರ್ತದ ದಿನ ಕನ್ನಡಿಯಲ್ಲೂ ಅದನ್ನೇ ಕೇಳುತ್ತಾರೆ ಮಾವ, ನಾನು ಎಲ್ಲಿಂದ ತರಲಿ?” ಎಂಬುದು ಅವಳ ಪ್ರಶ್ನೆ. ಅದಕ್ಕೇ ಈಗ ಫೋಟೊದ ಜೊತೆಗೊಂದು ಸಣ್ಣ ವಿಡಿಯೊವನ್ನೂ ಕಳಿಸುತ್ತಾಳೆ. ಅದರಲ್ಲಿ ಹುಡುಗಿ ಕಿಟಕಿಯ ಮುಂದೆ ಕತ್ತನ್ನು ಎಡಕ್ಕೂ ಬಲಕ್ಕೂ ತಿರುಗಿಸಿ, ಒಮ್ಮೆ ಜೋರಾಗಿ ನಗುತ್ತಾಳೆ. ನೋಡಿ ಒಪ್ಪಿದವರಿಂದ ಮಾತ್ರ ಮುಂಗಡ.