ಟೋಕನ್ ಯಾವ ಬಣ್ಣದ್ದಿರಲಿ?

ನಮ್ಮ ಜಿ.ಎಂ. ಸಾಹೇಬರು ಯಾವುದಕ್ಕೂ ಬೇಡ ಅನ್ನುವುದಿಲ್ಲ. ಬೇಡ ಅಂದಿದ್ದರೆ ಮನಸ್ಸಿನಲ್ಲೇ ಬೈದುಕೊಂಡು ಸುಮ್ಮನಾಗಬಹುದಿತ್ತು. ಅವರು ‘ಮಸ್ತ್ ಐತ್ರಿ, ನೋಡೋಣಂತ’ ಅನ್ನುತ್ತಾರೆ. ರಾಯಚೂರಿನ ಅಕ್ಕಿ ಮಿಲ್ಲೊಂದರ ಆಫೀಸಿನಲ್ಲಿ ಕೂತ ನನ್ನಂಥವನು ಆ ಮಾತು ಹಿಡಿದುಕೊಂಡು ಕಾಯುತ್ತಲೇ ಇರಬೇಕು.

ವಿಷಯ ಸಣ್ಣದು. ತುಂಗಭದ್ರಾ ಎಡದಂಡೆ ಕಾಲುವೆ ಕಡೆ ಕೊಯ್ಲು ಶುರುವಾದರೆ ಸಾಕು, ಮಾನ್ವಿ, ಸಿಂಧನೂರಿನ ಲಾರಿಗಳೆಲ್ಲ ಒಂದೇ ಸಲಕ್ಕೆ ಬಂದು ಲಾರಿ ತೂಗುವ ನಮ್ಮ ವೇಬ್ರಿಡ್ಜ್ ಮುಂದೆ ನಿಲ್ಲುತ್ತವೆ. ಈಗೆಲ್ಲ ಮಷಿನ್ ಕೊಯ್ಲು. ಹೊಲದಿಂದ ಹಸಿ ಭತ್ತ ನೇರ ಲಾರಿಗೆ ಬೀಳುತ್ತದೆ. ಬೆಂಬಲ ಬೆಲೆ ಖರೀದಿಗೆ ತೇವಾಂಶ ಶೇ 17 ಮೀರಬಾರದು ಅನ್ನುತ್ತಾರಲ್ಲ, ಇದು ಅದನ್ನು ಸಲೀಸಾಗಿ ದಾಟಿರುತ್ತದೆ. ಲೋಡಿನಲ್ಲೇ ಜಾಸ್ತಿ ಹೊತ್ತು ಕೂತರೆ ಬಿಸಿಯಾಗಿ ಕಾಳು ಹಳದಿಗೆ ತಿರುಗುತ್ತದೆ. ಆಮೇಲೆ ಸೋನಾ ಮಸೂರಿ ಅಂತ ಎಷ್ಟು ದಪ್ಪಕ್ಷರದಲ್ಲಿ ಚೀಲದ ಮೇಲೆ ಬರೆದರೂ ಗಿರಾಕಿ ಮೂಸಿ ನೋಡಲ್ಲ. ಅದಕ್ಕೇ ಗೇಟಿನಲ್ಲೇ ತೇವ ನೋಡಿ, ಟೋಕನ್ ಕೊಟ್ಟು, ಹಸಿ ಇದ್ದದ್ದನ್ನು ಮೊದಲು ಒಳಗೆ ಬಿಡೋಣ ಅಂದೆ. ಇಷ್ಟೇ.

‘ದೊಡ್ಡೋರಿಗೆ ಲಾಭ ನಷ್ಟದ ಲೆಕ್ಕ ತೋರಿಸ್ರಿ’ ಅಂತ ನಮ್ಮ ಅಕೌಂಟೆಂಟ್ ಹೇಳಿದ್ದರು. ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಎಲ್ಲ ಸಿದ್ಧ ಮಾಡಿಕೊಂಡು ಹೋದೆ. ನಷ್ಟದ ಪುಟ ಬರುವಷ್ಟರಲ್ಲಿ ಕರೆಂಟ್ ಹೋಯಿತು. 1,720 ಮೆಗಾವಾಟ್‌ನ ಶಕ್ತಿನಗರ ವಿದ್ಯುತ್ ಸ್ಥಾವರ ನಮ್ಮ ಪಕ್ಕದಲ್ಲೇ ಇದೆ, ಆದರೂ ನಮ್ಮ ಮೀಟಿಂಗಿಗೆ ಕತ್ತಲೆ. ಬಾಯಲ್ಲೇ ಹೇಳಿದೆ. ಸಾಹೇಬರು ಕಣ್ಣು ಮುಚ್ಚಿ ಕೇಳಿದರು.

‘ಎಲ್ಲಾ ಸರಿ. ಟೋಕನ್ ಯಾವ ಬಣ್ಣದ್ದು?’

ಹಸಿ ಭತ್ತಕ್ಕೆ ಹಳದಿ, ಒಣಗಿದ್ದಕ್ಕೆ ಬಿಳಿ ಅಂದೆ.

‘ಹಳದಿ ಬ್ಯಾಡ್ರಿ. ಭತ್ತ ಹಳದಿ ಆಗ್ತದ ಅಂತ ನೀವೇ ಅಂದ್ರಿ. ಅಪಶಕುನ.’

ಕೆಂಪು? ಲಾರಿಯವರು ನಿಲ್ಲಬೇಕೇನೋ ಅಂದುಕೊಳ್ಳುತ್ತಾರೆ. ನೀಲಿ? ಬಿಸಿಲಿಗೆ ಬಣ್ಣ ಹೋಗುತ್ತದೆ. ಬಿಳಿ? ಹಮಾಲರ ಕೈಯಲ್ಲಿ ಮಧ್ಯಾಹ್ನದೊಳಗೆ ಕಪ್ಪಾಗುತ್ತದೆ. ಖರೀದಿ ವಿಭಾಗದವರು ಕೇಸರಿ ಅಂದರು. ರಾಜಕೀಯ ಆಗ್ತದೆ ಅಂತ ಇನ್ನೊಬ್ಬರು ತಡೆದರು. ಗುಲಾಬಿ ಅಂದವರನ್ನು ಎಲ್ಲರೂ ಒಂದು ಗಳಿಗೆ ನೋಡಿದರು. ಮಿರ್ಚಿ, ಒಗ್ಗರಣಿ ಬಂತು, ಖಾಲಿಯೂ ಆಯಿತು. ಟೋಕನ್ ಮೂಲೆಗೆ ತೂತು ಇರಬೇಕೋ ಬೇಡವೋ ಅಂತ ಹೊಸ ಚರ್ಚೆ ಎದ್ದಿತು. ದಾರ ಕಟ್ಟಿ ಸ್ಟೇರಿಂಗಿಗೆ ನೇತುಹಾಕಬಹುದಲ್ವಾ ಅಂತ ಸಾಹೇಬರಿಗೆ ಭಾರೀ ಉತ್ಸಾಹ. ಇಷ್ಟು ತಲೆ ಓಡಿಸುವ ಮನುಷ್ಯ ಭತ್ತದ ಬಗ್ಗೆ ಒಂದಾದರೂ ಪ್ರಶ್ನೆ ಕೇಳಬಾರದಾ? ಕೊನೆಗೆ ಹಸಿರು ಬಣ್ಣ, ಒಂದು ತೂತು, ಮಾದರಿಗೆ ಒಂದು ಕಟ್ಟು ಅಂತ ತೀರ್ಮಾನವಾಯಿತು. ಹಸಿ, ಒಣ ಎರಡಕ್ಕೂ ಅದೇ ಹಸಿರು.

‘ಶುರು ಯಾವಾಗ ಮಾಡೋಣ ಸರ್?’

‘ಮಸ್ತ್ ಐತ್ರಿ. ಮುಂದಿನ ಸುಗ್ಗಿಗೆ ನೋಡೋಣಂತ.’

ಸಂಜೆ ಗೇಟಿನಾಚೆ ಡ್ರೈವರ್‌ಗಳು ಲಾರಿ ನೆರಳಲ್ಲಿ ಸ್ಟವ್ ಹಚ್ಚಿ ಅನ್ನಕ್ಕಿಟ್ಟಿದ್ದರು. ವಯಸ್ಸಾದ ಒಬ್ಬರು, ‘ಇವತ್ತರ ಖಾಲಿ ಆಗ್ತದೇನ್ರೀ ಸಾರ್? ಮನಿಗೆ ಹೋಗಿ ವಾರಾತು’ ಅಂದರು. ನೋಡೋಣ ಅಂದೆ. ನನ್ನ ಬಾಯಿಂದಲೂ ಅದೇ ಬಂತಲ್ಲ ಅಂತ ಹೊಟ್ಟೆ ಉರಿಯಿತು.

ಹಸಿರು ಟೋಕನ್ ಕಟ್ಟು ನಿನ್ನೆ ಪ್ರೆಸ್ಸಿನಿಂದ ಬಂತು. ಸುಮ್ನೆ ಕೊಳೆಯುವುದೇಕೆ ಅಂತ ಸಾಹೇಬರು ಅದನ್ನು ಕ್ಯಾಂಟೀನಿಗೆ ಕೊಡಿಸಿದರು. ಈಗ ನಮ್ಮಲ್ಲಿ ಚಹಾಕ್ಕೆ ನೂಕುನುಗ್ಗಲೇ ಇಲ್ಲ, ನಂಬರ್ ಪ್ರಕಾರ ಬರುತ್ತದೆ. ಸುದ್ದಿ ಗೇಟಿನಾಚೆಗೂ ಹೋಗಿದೆ. ಇವತ್ತು ಅದೇ ಡ್ರೈವರ್ ನನ್ನನ್ನು ಕರೆದು ಕೈ ಚಾಚಿದರು.

‘ಸಾರ್, ನನಗೂ ಒಂದು ಹಸಿರು ಚೀಟಿ ಕೊಡ್ರಿ. ಚಹಾಕ್ಕಾದ್ರೂ ನಂಬರ್ ಹತ್ಲಿ.’